ಹೂಂ ಅನ್ನುವವರು

ರಾವಂದೂರಿನಿಂದ ಆಚೆಗಿನ ಆ ಹಳ್ಳಿಯಲ್ಲಿ ಮಲ್ಲಾಜಮ್ಮ ಕತೆ ಹೇಳಲು ಕೂತರೆ ಮೊದಲು ಕೇಳುತ್ತಿದ್ದುದು ಒಂದೇ ಮಾತು. "ಹೂಂ ಅನ್ನೋರು ಯಾರ್ಲಾ?"

ಯಾರಾದರೊಬ್ಬರು ಒಪ್ಪಿಕೊಳ್ಳಬೇಕಿತ್ತು. ಒಪ್ಪಿಕೊಂಡವರು ಕತೆ ಮುಗಿಯುವ ತನಕ, ಒಂದೊಂದು ಮಾತು ನಿಂತಲ್ಲೂ ಹೂಂಗುಟ್ಟಬೇಕಿತ್ತು. ಹೂಂಗುಟ್ಟುವವರು ತೂಕಡಿಸಿದರೋ, ಮಲ್ಲಾಜಮ್ಮನ ಕತೆ ಅಲ್ಲೇ ನಿಲ್ಲುತ್ತಿತ್ತು. ರಾಜಕುಮಾರ ನಡುಹೊಳೆಯಲ್ಲಿದ್ದರೂ ಸರಿ, ರಾಕ್ಷಸನ ಬಾಯಲ್ಲಿದ್ದರೂ ಸರಿ, ಅವನು ಅಲ್ಲೇ ಇರಬೇಕು. "ಕೇಳೋರಿಲ್ದೆ ಯೋಳಿದ್ರೆ ಕತೆ ಗೋಡೆಗೆ ಓಯ್ತದೆ ಕಣವ್ವ. ಗೋಡೆಗೆ ಓದ ಕತೆ ತಿರುಗಿ ಬಾಯಿಗೆ ಬರಾಕಿಲ್ಲ" ಎನ್ನುತ್ತಿದ್ದಳು.

ಆ ಮನೆಯಲ್ಲಿ ಹೂಂಗುಟ್ಟುವ ಕೆಲಸ ಬಹಳ ವರ್ಷ ಮೊಮ್ಮಗಳು ಶಾಂತಲಾಳದೇ ಆಗಿತ್ತು. ಮೂರು ತುಂಬುವುದರೊಳಗೆ ದಡಾರ ಬಂದು ಅವಳ ಎರಡೂ ಕಣ್ಣು ಹೋಗಿದ್ದವು. ಬೇರೆ ಮಕ್ಕಳಿಗೆ ಕತೆ ಕೇಳುತ್ತಾ ದೀಪ ನೋಡುವುದಿತ್ತು, ಗೋಡೆಯ ಮೇಲಿನ ಹಲ್ಲಿ ನೋಡುವುದಿತ್ತು. ಇವಳಿಗೆ ಕತೆಯೇ ದೀಪ, ಕತೆಯೇ ಹಲ್ಲಿ. ಅದಕ್ಕೇ ಇವಳು ತೂಕಡಿಸುತ್ತಿರಲಿಲ್ಲ.

ಮುಂದೆ ಶಾಂತಲಾ ಮೈಸೂರಿನ ಅಂಧಮಕ್ಕಳ ಶಾಲೆಯಲ್ಲಿ ಹತ್ತನೆಯ ತರಗತಿಯ ತನಕ ಬ್ರೈಲ್ ಚುಕ್ಕಿ ಮುಟ್ಟಿ ಓದಿದಳು. ಊರಿಗೆ ಬಂದು ಪಿರಿಯಾಪಟ್ಟಣದ ಒಂದು ಕಾಲೇಜಿಗೆ ಸೇರಿದ ಮೇಲೆ ಮುಟ್ಟುವುದಕ್ಕೆ ಪುಸ್ತಕವೇ ಇರಲಿಲ್ಲ. ಆಗ ಕೆಲಸ ತಿರುವುಮುರುವಾಯಿತು. ಕಾಲೇಜಿನಲ್ಲಿ ಕೇಳಿದ ಪಾಠವನ್ನು ಸಂಜೆ ಜಗಲಿಯಲ್ಲಿ ಅಜ್ಜಿಗೆ ಹೇಳತೊಡಗಿದಳು. ಮಲ್ಲಾಜಮ್ಮ ಮೊರದಲ್ಲಿ ಹುರುಳಿ ಹಸನು ಮಾಡುತ್ತಾ ಹೂಂಗುಟ್ಟುತ್ತಿದ್ದಳು. ಫ್ರಾನ್ಸಿನ ಕ್ರಾಂತಿ, ಇಟಲಿಯ ಏಕೀಕರಣ, ನೆಪೋಲಿಯನ್ನನ ಯುದ್ಧಗಳು, ಎಲ್ಲವೂ ಆ ಹುರುಳಿಯ ಸದ್ದಿನ ನಡುವೆ ಕತೆಯಾಗಿ ಶಾಂತಲಾಳ ಒಳಗೆ ಕೂತವು.

"ಅಲ್ಲ ಕಣವ್ವ, ಅಷ್ಟೊಂದು ಸೀಮೆ ಕೈಯಲ್ಲಿದ್ದೂ ಆ ಮಂಜು ಬೀಳೋ ಊರು ಯಾಕೆ ಬೇಕಿತ್ತು ನಪೋಲಯ್ಯಂಗೆ?" ಎಂದು ಮಲ್ಲಾಜಮ್ಮ ಒಮ್ಮೆ ಕೇಳಿದ್ದಳು.

"ಅದೇ ಪ್ರಶ್ನೆ ಕೇಳ್ತಾರೆ ಕಣಜ್ಜಿ ಪರೀಕ್ಷೆಲಿ. ಇಪ್ಪತ್ತು ಮಾರ್ಕಿಗೆ."

"ನೆಟ್ಟಗೆ ಯೋಳು ಮತ್ತೆ. ಅವ್ನಿಗೆ ಎಂಡ್ರು ಬುದ್ಧಿ ಯೋಳ್ಲಿಲ್ವಾ?"

ಪರೀಕ್ಷೆಯಲ್ಲಿ ಇವಳು ಹೇಳಿದ್ದನ್ನು ಬರೆದುಕೊಳ್ಳಲು ಒಬ್ಬರು ಬೇಕಿತ್ತು. ಅವರು ಇವಳಿಗಿಂತ ಕಡಿಮೆ ಓದಿದವರಿರಬೇಕು ಎಂಬುದು ವಿಶ್ವವಿದ್ಯಾಲಯದ ನಿಯಮ. ಪ್ರಿನ್ಸಿಪಾಲರು ಮೈಸೂರಿಗೆ ಬರೆದು ಅನುಮತಿ ತರಿಸಿದ್ದರು. ಬೇರೆ ಕೊಠಡಿ, ಉಳಿದವರಿಗಿಂತ ಅರ್ಧ ಗಂಟೆ ಹೆಚ್ಚು, ಬರೆಯಲು ಒಬ್ಬರು. ಡಿಗ್ರಿಯ ಮೊದಲೆರಡು ವರ್ಷ ಬರೆದುಕೊಟ್ಟ ಹುಡುಗಿ ಮದುವೆಯಾಗಿ ಅಂತರಸಂತೆಗೆ ಹೋದಳು. ಕೊನೆಯ ವರ್ಷಕ್ಕೆ ಸಿಕ್ಕವಳು ಅಫ್ರೀನ್.

ಅಫ್ರೀನ್ ಮೊದಲ ಪಿಯುಸಿ ಹುಡುಗಿ. ಅವಳ ತಂದೆ ಅಬ್ದುಲ್ ರಹಮಾನರ ಹಾಸಿಗೆ ಅಂಗಡಿ ಇದ್ದದ್ದು ಪಿರಿಯಾಪಟ್ಟಣದಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ. ರಾವಂದೂರಿನ ಬಸ್ಸಿಗೆ ಕಾಯುತ್ತಾ ಬಿಸಿಲಲ್ಲಿ ನಿಂತಿರುತ್ತಿದ್ದ ಶಾಂತಲಾಳನ್ನು ಅವರೇ ಕರೆದು ಒಳಗೆ ಕೂರಿಸಿದ್ದರು. ಅಲ್ಲಿಂದ ಮುಂದೆ ದಿನಾ ಹತ್ತಿಯ ಮೂಟೆಗೆ ಒರಗಿ ಕೂತು ಅಫ್ರೀನ್ ಪುಸ್ತಕ ಓದುವುದು, ಶಾಂತಲಾ ಅದನ್ನೇ ತನ್ನ ಮಾತಿನಲ್ಲಿ ತಿರುಗಿ ಹೇಳುವುದು. ಅಂಗಡಿಯಲ್ಲೂ ಹೂಂಗುಟ್ಟುವವರಿಗೆ ಬರವಿರಲಿಲ್ಲ. ರಹಮಾನರು ಹತ್ತಿ ಬಡಿಯುವುದನ್ನು ನಿಲ್ಲಿಸಿ "ಹ್ಞಾಂ" ಎನ್ನುತ್ತಿದ್ದರು. ಹಾಸಿಗೆ ಕೊಳ್ಳಲು ಬಂದವರೂ "ಹೂಂ, ಆಮೇಲೆ?" ಎನ್ನುತ್ತಿದ್ದರು.

ಬರೆಯುವ ಅಭ್ಯಾಸಕ್ಕೆ ಕೂತಾಗ ಅಫ್ರೀನಳ ಹೂಂಗೆ ಇನ್ನೊಂದು ಉಪಯೋಗ ಬಂತು. ಹೇಳಿದ್ದನ್ನು ಬರೆದು ಮುಗಿಸಿದರೆ ಒಂದು ಹೂಂ. ಸರಿಯಾಗಿ ಕೇಳಿಸದಿದ್ದರೆ ಎಳೆದ ಹೂಂ, ಆಗ ಶಾಂತಲಾ ಅದನ್ನೇ ಮತ್ತೊಮ್ಮೆ ಹೇಳುವಳು. ಹೀಗೆ ಮಾಡೋಣವೆಂದು ಇಬ್ಬರೂ ಮಾತಾಡಿಕೊಂಡದ್ದಲ್ಲ. ನಡೆಯುತ್ತಾ ನಡೆಯುತ್ತಾ ಕಾಲುದಾರಿ ಬೀಳುವಂತೆ ಅದು ತಾನೇ ಬಿದ್ದಿತ್ತು.

ಆ ಏಪ್ರಿಲ್ ತಿಂಗಳು, ಇತಿಹಾಸದ ಪರೀಕ್ಷೆಯ ದಿನ, ಹೊಗೆಸೊಪ್ಪಿನ ಸಸಿಮಡಿಗೆ ನೀರು ಹೊರುತ್ತಿದ್ದ ಅಪ್ಪ ಸಣ್ಣಬೀರಯ್ಯ ಕೆಲಸ ಬಿಟ್ಟು ಮಗಳನ್ನು ಬಸ್ಸು ಹತ್ತಿಸಿದ. ಈ ಪರೀಕ್ಷೆಯ ಮೇಲೆ ಏನು ನಿಂತಿದೆಯೆಂದು ಇಬ್ಬರಿಗೂ ಗೊತ್ತಿತ್ತು. ಮೈಸೂರಿನ ಶಾಲೆಯಲ್ಲಿ ಅವಳಿಗೆ ಕಲಿಸಿದ್ದ ವಿಮಲಮ್ಮ ಟೀಚರು ಹೇಳಿ ಕಳಿಸಿದ್ದರು. "ಜೂನಿಗೆ ಇಲ್ಲಿ ಮಕ್ಕಳಿಗೆ ಇತಿಹಾಸ ಹೇಳಿಕೊಡೋರು ಬೇಕು, ಶಾಂತಲಾ. ನಿನ್ನ ಹೆಸರು ಹೇಳಿದೀನಿ. ಆದ್ರೆ ಡಿಗ್ರಿ ಆಗಿರಬೇಕು. ಒಂದು ಪೇಪರ್ ಉಳಿದ್ರೂ ಬೇರೆಯವರನ್ನ ತಗೋತಾರೆ, ನಂದೇನೂ ನಡೆಯಲ್ಲ." ಅಂಥ ಜಾಗ ಮತ್ತೆ ಎಂದು ಖಾಲಿಯಾದೀತು ಎಂದು ಯಾರಿಗೂ ಗೊತ್ತಿರಲಿಲ್ಲ.

ಪಿರಿಯಾಪಟ್ಟಣದಲ್ಲಿ ಇಳಿದ ಶಾಂತಲಾ ಮಸಣಿಕಮ್ಮನ ಗುಡಿಯ ಹೊಸ್ತಿಲು ಮುಟ್ಟಿ ಹಣೆಗೊತ್ತಿಕೊಂಡು, ಅಫ್ರೀನಳ ಮೊಣಕೈ ಹಿಡಿದು ಕಾಲೇಜಿಗೆ ಹೋದಳು.

ಅವರಿಗೆ ಕೊಟ್ಟ ಕೊಠಡಿ ಲೈಬ್ರರಿಯ ಹಿಂದಿನದು. ಫಿನಾಯಿಲು ಮತ್ತು ಹಳೆಯ ಕಾಗದದ ವಾಸನೆ. ಮೇಲೆ ಫ್ಯಾನು ಕಟಕಟ ಎನ್ನುತ್ತಾ ತಿರುಗುತ್ತಿತ್ತು. ಪೆನ್ನು ಕಾಗದದ ಮೇಲೆ ಹರಿಯುವ ಸದ್ದೂ ಅದರಲ್ಲಿ ಮುಳುಗಿಹೋಗುವಷ್ಟು ಗದ್ದಲ. ಕಿರುಗುಟ್ಟುವ ಬೂಟು ಒಳಗೆ ಬಂತು.

"ನನ್ನ ಹೆಸರು ಶಿವನಂಜಪ್ಪ. ಕೆ.ಆರ್. ನಗರದಿಂದ ಬಂದಿದೀನಿ, ಕಾಮರ್ಸ್ ಮೇಷ್ಟ್ರು. ನಾನಿರೋ ಕೊಠಡೀಲಿ ಒಂದು ಚೀಟಿ ಅಲ್ಲಾಡಲ್ಲ. ಮೊದಲೇ ಹೇಳಿದೀನಿ, ಆಮೇಲೆ ಬೇಜಾರು ಮಾಡ್ಕೋಬಾರದು."

"ನಮ್ಮತ್ರ ಚೀಟಿ ಇದ್ರೂ ನಾನು ನೋಡೋಕಾಗಲ್ಲ ಸಾರ್" ಎಂದಳು ಶಾಂತಲಾ. ಅಫ್ರೀನ್ ಕಿಸಕ್ಕೆಂದಳು. ಶಿವನಂಜಪ್ಪ ನಗಲಿಲ್ಲ.

ಪ್ರಶ್ನೆಪತ್ರಿಕೆಯನ್ನು ಅಫ್ರೀನ್ ಓದಿದಳು. ಶಾಂತಲಾ ಕಣ್ಣು ಮುಚ್ಚಿ, ತಮ್ಮ ಜಗಲಿಯ ಮೇಲೆ ಕೂತವಳಂತೆ ಕಾಲು ಮಡಿಸಿಕೊಳ್ಳಲು ಹೋಗಿ, ಬೆಂಚು ನೆನಪಾಗಿ ಸುಮ್ಮನಾದಳು. ಮೊದಲ ಉತ್ತರ ಸಲೀಸಾಗಿ ಹೋಯಿತು. ಇವಳದೊಂದು ವಾಕ್ಯ, ಅವಳದೊಂದು ಹೂಂ. ಎರಡನೆಯ ಉತ್ತರದ ನಡುವೆ ಇಟಲಿಯ ಒಂದು ಊರಿನ ಹೆಸರು ಅಫ್ರೀನಳಿಗೆ ಕೇಳಿಸಲಿಲ್ಲ. "ಹೂಂ...?" ಎಂದು ಎಳೆದಳು. ಶಾಂತಲಾ ಇನ್ನೊಮ್ಮೆ, ಬಿಡಿಸಿ ಹೇಳಿದಳು. ಸ್ವಲ್ಪ ಹೊತ್ತಿಗೆ ಮತ್ತೊಂದು ಎಳೆದ ಹೂಂ. ಈ ಸಲ ಶಾಂತಲಾ ವಾಕ್ಯವನ್ನೇ ಬದಲಿಸಿ ಸುಲಭ ಮಾಡಿದಳು.

ಬೂಟು ಹತ್ತಿರ ಬಂತು.

"ನಿಲ್ಸಿ. ಏನಿದು ಹೂಂ, ಹೂಂ?"

"ಬರೆದಾಯ್ತು ಅಂತ ಸಾರ್" ಎಂದಳು ಅಫ್ರೀನ್.

"ಆಗ ಸಣ್ಣದಾಗಿ ಅಂದೆ, ಈಗ ಎಳೆದೆ. ನೀನು ಎಳೆದ ತಕ್ಷಣ ಇವಳು ಉತ್ತರ ಬದಲಾಯಿಸಿದ್ಲು. ನಾನು ಎರಡು ಸಲ ನೋಡ್ದೆ. ಹೋದ ವರ್ಷ ಒಂದು ಕಡೆ ಕೆಮ್ಮಿನ ಕಾಪಿ ಹಿಡಿದವನು ನಾನು. ಒಂದು ಕೆಮ್ಮಿದ್ರೆ ಮೊದಲನೇ ಉತ್ತರ, ಎರಡು ಕೆಮ್ಮಿದ್ರೆ ಎರಡನೇದು. ಇಡೀ ಸಾಲಿಗೆ ನೆಗಡಿ ಬಂದಿತ್ತು."

"ಅವಳು ಪಿಯುಸಿ ಓದ್ತಿರೋದು ಸಾರ್. ಅವಳಿಗೆ ಇದು ಬರಲ್ಲ."

"ಪುಸ್ತಕ ಓದಿ ಹೇಳೋಳು ಅವಳೇ ಅಂತೆ? ಪ್ರಿನ್ಸಿಪಾಲ್ರೇ ಹೇಳಿದ್ರು. ಓದಿದೋಳಿಗೆ ಬರದೆ ಇರುತ್ತಾ? ನೋಡಮ್ಮ, ನಿನ್ನ ಮೇಲೆ ನಂಗೇನೂ ದ್ವೇಷ ಇಲ್ಲ. ಈ ಹುಡುಗಿ ಬಾಯಿಂದ ಇನ್ನೊಂದು ಸದ್ದು ಬಂದ್ರೆ ಕಾಪಿ ಅಂತ ಬರೆದು ಪೇಪರ್ ತಗೋತೀನಿ."

ಶಾಂತಲಾ ಬಾಯಿ ತೆರೆದಳು. ಹೂಂ ಅನ್ನದಿದ್ದರೆ ನನಗೆ ಹೇಳಲು ಬರುವುದಿಲ್ಲ ಎನ್ನಬೇಕು. ದೊಡ್ಡ ಪರೀಕ್ಷೆಗೆ ಕೂತವಳು ಈ ಮಾತನ್ನು ಹೇಗೆ ಆಡುವುದು? ಅಜ್ಜಿಯ ತೊಡೆಯಿಂದ ಇಳಿಯದ ಕೂಸಿನ ಮಾತು ಅದು. ಬಾಯಿ ಮುಚ್ಚಿದಳು.

"ಬರಿ ಅಫ್ರೀನು" ಎಂದಳು.

ಆ ಉತ್ತರವನ್ನು ಅಷ್ಟಕ್ಕೇ ಮುಗಿಸಿದಳು. ಮುಂದಿನ ಪ್ರಶ್ನೆ ನೆಪೋಲಿಯನ್ನನದೇ. ಅವಳಿಗೆ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿದ್ದದ್ದು. ಮೊದಲ ವಾಕ್ಯ ಹೇಳಿದಳು. ಆ ಕಡೆಯಿಂದ ಏನೂ ಬರಲಿಲ್ಲ. ಬರೆದಳೋ, ಬರೆಯುತ್ತಿದ್ದಾಳೋ? ಕಾದಳು. ಎರಡನೆಯದನ್ನು ಹೇಳಿದಳು. ಫ್ಯಾನು ಕಟಕಟ ಎಂದಿತು. ಮೂರನೆಯದು ಬಾಯಿಗೆ ಬರುವಾಗ ಎರಡನೆಯದನ್ನು ಹೇಳಿದೆನೋ ಇಲ್ಲವೋ ಎಂಬ ಅನುಮಾನ ಹತ್ತಿತು. ಎದುರಿಗೆ ಅಫ್ರೀನ್ ಇದ್ದಾಳೆಯೇ, ಎದ್ದು ಹೋದಳೇ? ಕಣ್ಣಿದ್ದವರಿಗೆ ಎದುರಿಗಿರುವವರು ಸುಮ್ಮನಿದ್ದರೂ ಇರುತ್ತಾರೆ. ಇವಳಿಗೆ ಸುಮ್ಮನಾದವರು ಇಲ್ಲವಾಗುತ್ತಾರೆ. ಸೈನ್ಯ ರಷ್ಯಾದ ಗಡಿ ದಾಟಿತ್ತು. ಅಲ್ಲಿಂದ ಮುಂದಕ್ಕೆ ಕಾಲಿಡಲು ಅವಳಿಗೆ ನೆಲವೇ ಸಿಗಲಿಲ್ಲ.

ಶಾಂತಲಾ ಕೈಮುಗಿದುಕೊಂಡು ಕೂತಳು. ಮನಸ್ಸು ಮಸಣಿಕಮ್ಮನ ಹತ್ತಿರ ಹೋಯಿತು. ತಾಯಿ, ನಿನಗೆ ದಿನಾ ಬೆಳಿಗ್ಗೆ ಎಲ್ಲ ಹೇಳುತ್ತೇನಲ್ಲ. ನೀನು ಒಂದು ದಿನವೂ ಹೂಂ ಎಂದವಳಲ್ಲ. ಆದರೂ ಹೇಳುತ್ತೇನೆ. ಹಾಗೆಯೇ ಇದನ್ನೂ ನಿನಗೇ ಹೇಳುತ್ತೇನೆ ಎಂದುಕೊಂಡು ಮನಸ್ಸಿನಲ್ಲೇ ಶುರು ಮಾಡಿದಳು. ಆಶ್ಚರ್ಯ, ಸರಾಗವಾಗಿ ಬಂತು. ಮಾಸ್ಕೋಗೆ ಬೆಂಕಿ ಬಿತ್ತು, ಮಂಜು ಸುರಿಯಿತು, ಕುದುರೆಗಳು ಬಿದ್ದವು. ಆದರೆ ತಾಯಿಗೆ ಒಳಗೇ ಹೇಳಿದ್ದಕ್ಕೆ ವಿಶ್ವವಿದ್ಯಾಲಯದವರು ಅಂಕ ಕೊಡುವುದಿಲ್ಲ. ಅದನ್ನೇ ಬಾಯಿಗೆ ತಂದಾಗ ಮತ್ತೆ ಅದೇ ಬಯಲು, ಅದೇ ಮೌನ. ಅಫ್ರೀನ್ ಮೂಗು ಏರಿಸಿದ್ದು ಕೇಳಿತು. ಅಳುತ್ತಿದ್ದಾಳೆ. ಅದೂ ಸದ್ದಾದೀತೆಂದು ಹೆದರಿ ಉಸಿರು ಬಿಗಿಹಿಡಿದಿದ್ದಾಳೆ.

ಹೊತ್ತು ಸುಮ್ಮನೆ ಹೋಗುತ್ತಿತ್ತು. ಹೊರಗೆ ಯಾರೋ ಎರಡು ಗಂಟೆ ಕಳೆಯಿತೆಂದು ಬೆಲ್ಲು ಬಾರಿಸಿದರು.

ಇಲ್ಲಿಯ ತನಕ ಶಾಂತಲಾ ತಾನಾಗಿ ಏನನ್ನೂ ಕೇಳಿದವಳಲ್ಲ. ಬಸ್ಸಿನಲ್ಲಿ ಜಾಗ ಬಿಟ್ಟರೆ ಕೂತಳು, ಅಂಗಡಿಗೆ ಕರೆದರೆ ಹೋದಳು, ಯಾರೋ ಓದಿದರೆ ಕೇಳಿಸಿಕೊಂಡಳು. ಕೊಟ್ಟದ್ದೆಲ್ಲ ದೇವರು ಕೊಟ್ಟದ್ದು ಎಂದು ತಲೆ ಬಾಗಿಸಿದಳು. ಈಗ ಕೊಡುವವರು ಯಾರೂ ಇರಲಿಲ್ಲ. ಕೇಳುವುದೊಂದೇ ಉಳಿದಿತ್ತು.

"ಸಾರ್" ಎಂದಳು. "ನಿಮಗೆ ಇತಿಹಾಸ ಬರುತ್ತಾ?"

"ಎಸ್ಸೆಸ್ಸೆಲ್ಸಿಗೇ ಕೈ ಮುಗಿದೆ. ಯಾಕೆ?"

"ನೆಪೋಲಿಯನ್ ಗೊತ್ತಾ?"

"ಹೆಸರು ಗೊತ್ತು. ಏನೀಗ?"

"ಹಂಗಾದ್ರೆ ನೀವೇ ಹೂಂ ಅನ್ನಿ ಸಾರ್."

ಬೂಟಿನ ಕಿರುಗು ನಿಂತಿತು.

"ಅವಳು ಬರೆದು ಮುಗಿಸಿದ್ದು ನಿಮಗೆ ಕಾಣುತ್ತೆ, ನಂಗೆ ಕಾಣಲ್ಲ. ಮುಗಿಸಿದಾಗ ನೀವು ಒಂದು ಹೂಂ ಅಂದ್ರೆ ಸಾಕು. ಉತ್ತರ ಗೊತ್ತಿಲ್ಲದೋರು ಹೇಳಿಕೊಡೋಕೆ ಆಗಲ್ವಲ್ಲ? ನಾನು ಇದನ್ನೆಲ್ಲ ಕೇಳಿ, ಹೇಳಿ ಕಲಿತದ್ದು. ಆ ಕಡೆ ಜನ ಇದಾರೆ ಅಂತ ಗೊತ್ತಾಗದೆ ಇದ್ರೆ ಬಾಯಿ ಕಟ್ಟಿಹೋಗುತ್ತೆ. ನಾಚಿಕೆ ಬಿಟ್ಟು ಹೇಳ್ತಿದೀನಿ."

"ನಾನೇನು ಕತೆ ಕೇಳೋಕೆ ಬಂದಿದೀನಾ ಇಲ್ಲಿಗೆ?" ಎಂದರು ಶಿವನಂಜಪ್ಪ. ಬೂಟು ಬಾಗಿಲ ತನಕ ಹೋಯಿತು. ಅಲ್ಲೇ ನಿಂತಿತು. ಬಹಳ ಹೊತ್ತಾದ ಮೇಲೆ ಕುರ್ಚಿಯೊಂದನ್ನು ನೆಲದ ಮೇಲೆ ಎಳೆದ ಸದ್ದಾಯಿತು. ಆ ಸದ್ದು ಬೆಂಚಿನ ಪಕ್ಕಕ್ಕೇ ಬಂದು ನಿಂತಿತು.

"ಹೇಳಮ್ಮ."

ಶಾಂತಲಾ ವಾಕ್ಯ ಹೇಳಿದಳು. ಕಾದಳು.

"ಹೂಂ" ಎಂದರು ಶಿವನಂಜಪ್ಪ. ಆಫೀಸಿನಲ್ಲಿ ಮೊಹರು ಒತ್ತಿದ ಹಾಗಿತ್ತು.

ಆದರೂ ಅದು ಹೂಂ. ಅದರ ಮೇಲೆ ಕಾಲಿಡಬಹುದಿತ್ತು. ಇಟ್ಟಳು. ಇನ್ನೊಂದು ಹೂಂ, ಇನ್ನೊಂದು ಹೆಜ್ಜೆ. ರಷ್ಯಾದವರು ಎದುರು ನಿಲ್ಲದೆ ಹಿಂದೆ ಹಿಂದೆ ಸರಿದದ್ದನ್ನು, ಸರಿಯುತ್ತಾ ತಮ್ಮ ಬೆಳೆಗೆ ತಾವೇ ಬೆಂಕಿಯಿಟ್ಟದ್ದನ್ನು ಹೇಳಿದಳು. ಹೇಳುತ್ತಾ ಹೋದಂತೆ ಶಿವನಂಜಪ್ಪನವರ ಹೂಂ ಮೆತ್ತಗಾಯಿತು. ಊರು ಗೆದ್ದವನಿಗೆ ಊರಲ್ಲಿ ತಿನ್ನಲು ಕಾಳಿಲ್ಲ ಎಂದಾಗ "ಹೂಂ ಹೂಂ" ಎಂದು ಎರಡು ಸಲ ಬಂತು. ಮಂಜಿನಲ್ಲಿ ಸೈನಿಕರು ಬೂಟಿನ ಚರ್ಮ ಬೇಯಿಸಿ ತಿಂದರು ಎಂದಾಗ ಹೂಂ ಬರಲೇ ಇಲ್ಲ. ಒಂದು ಉಸಿರು ಬಂತು. ಕೊನೆಗೆ ನೆಪೋಲಿಯನ್ನನನ್ನು ಹಿಡಿದು ಒಂದು ದ್ವೀಪಕ್ಕೆ ಕಳಿಸಿದರು, ಅವನು ಅಲ್ಲಿಂದಲೂ ತಪ್ಪಿಸಿಕೊಂಡು ಬಂದ ಎಂದು ಶಾಂತಲಾ ವಾಕ್ಯ ನಿಲ್ಲಿಸಿದಳು.

"ಆಮೇಲೆ?" ಎಂದರು ಶಿವನಂಜಪ್ಪ.

ಅಫ್ರೀನ್ ನಗು ತಡೆಯಲಾರದೆ ಕೆಮ್ಮಿದಳು.

"ಅದು ನಾನಂದದ್ದು. ಬರೀಬೇಡಮ್ಮ" ಎಂದರು ಅವರು. ಸ್ವಲ್ಪ ತಡೆದು, ತಮ್ಮಷ್ಟಕ್ಕೇ ಎಂಬಂತೆ, "ನಾನೂ ಅಳ್ಳಿಯವನೇ ಕಣಮ್ಮ. ನಮ್ಮವ್ವ ರಾಗಿ ಬೀಸುವಾಗ ಇಂಗೇ ಕೂತಿರ್ತಿದ್ದೆ" ಎಂದರು. ಅಲ್ಲಿಯವರೆಗಿನ ಅವರ ಕಾಲೇಜಿನ ಕನ್ನಡದಲ್ಲಿ ಆ ಒಂದು ಮಾತು ಬೇರೆ ಕಡೆಯಿಂದ ಬಂದಂತಿತ್ತು.

ಅಂತೂ ಆ ಉತ್ತರ ಮುಗಿಯಿತು, ಇನ್ನೊಂದೂ ಆಯಿತು. ಕೊನೆಯದಕ್ಕೆ ಬರುವಷ್ಟರಲ್ಲಿ ಹೆಚ್ಚಿನ ಅರ್ಧ ಗಂಟೆಯೂ ತೀರಿ ಗಂಟೆ ಬಿತ್ತು. ಉತ್ತರಪತ್ರಿಕೆ ಕಟ್ಟಲು ದಾರ ಹಿಡಿದು ಬಂದ ಜವಾನ ಕುಳ್ಳಯ್ಯ ಬಾಗಿಲಲ್ಲಿ ಕೆಮ್ಮಿದ.

"ಸಾ, ಟೈಮಾಯ್ತು. ಎಲ್ಲಾ ಕಟ್ಟಾಯ್ತು, ನಿಮ್ದೊಂದೇ."

"ನಮ್ದು ಆಗಿಲ್ಲ ಕುಳ್ಳಯ್ಯ. ಇವರ ಹೊತ್ತಲ್ಲಿ ಒಂದಿಷ್ಟನ್ನ ನಾನು ತಿಂದಿದೀನಿ. ಅದು ನನ್ನ ಹತ್ರ ಇರೋಕೆ ಬರಲ್ಲ. ಕೂತ್ಕೊ."

"ದೊಡ್ಡವ್ರು ಬೈತಾರೆ ಸಾ."

"ನಂಗೆ ಬೈಲಿ. ಹೋಗಿ ಅವರಿಗೆ ಹೇಳ್ತೀಯಾ, ಇಲ್ಲಿ ಕೂರ್ತೀಯಾ?"

ಕುಳ್ಳಯ್ಯ ಹೊಸ್ತಿಲ ಮೇಲೆ ಕೂತ ಸದ್ದಾಯಿತು.

"ಇನ್ನು ನೀನೇ ಅನ್ನಮ್ಮ" ಎಂದರು ಶಿವನಂಜಪ್ಪ ಅಫ್ರೀನಳಿಗೆ. "ಬರೆಯೋಳು ನೀನು. ನಂದು ಮಧ್ಯದಲ್ಲಿ ಅಡ್ಡ ಬರ್ತಿದೆ."

ಶಾಂತಲಾ ಹೇಳಿದಳು. ಅಫ್ರೀನಳ ಗಂಟಲಿನಿಂದ ಏನೂ ಹೊರಡಲಿಲ್ಲ. ಅಷ್ಟು ಹೊತ್ತು ಹಲ್ಲು ಕಚ್ಚಿ ಕೂತ ಹುಡುಗಿ. ಅವಳಿಗೆ ಆ ಸದ್ದೇ ಈಗ ತಪ್ಪು ಕೆಲಸದಂತೆ ಕಂಡಿರಬೇಕು.

"ಇದೀಯೇನೆ?" ಎಂದಳು ಶಾಂತಲಾ.

"ಹೂಂ ಅಕ್ಕ" ಎಂದಳು ಅಫ್ರೀನ್. ಒದ್ದೆಯಾದ, ಸಣ್ಣ ದನಿ. ಕೊನೆಯ ಉತ್ತರ, ಚಿಕ್ಕದಾದರೂ, ಬಾಯಿಂದ ಕಾಗದಕ್ಕೆ ನೆಟ್ಟಗೆ ಹೋಯಿತು.

ಆ ವರ್ಷ ಅವಳು ಪಾಸಾದದ್ದೂ, ಜೂನಿನಲ್ಲಿ ಮೈಸೂರಿಗೆ ಹೋಗಿ ವಿಮಲಮ್ಮನವರ ಮುಂದೆ ನಿಂತದ್ದೂ ಆಮೇಲಿನ ಮಾತು. ಆ ಮಧ್ಯಾಹ್ನ ಅವಳಿಗೆ ಅದೊಂದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, ಇನ್ನೂ ಪೇಪರುಗಳಿವೆ, ನಾಳಿದ್ದು ಈ ಕುರ್ಚಿಯಲ್ಲಿ ಬೇರೆ ಯಾರೋ ಕೂರುತ್ತಾರೆ.

ಅದನ್ನೇ ಕೇಳಿದಳು. ಒಮ್ಮೆ ಕೇಳಿ ಆಗಿತ್ತು, ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ.

"ಬೇರೆಯವರು ಬಂದ್ರೆ ಏನು ಮಾಡೋದು ಸಾರ್?"

"ಅದನ್ನೇ ಬರೀತಿದೀನಿ, ಇರು" ಎಂದರು ಶಿವನಂಜಪ್ಪ. ಕುಳ್ಳಯ್ಯ ಫ್ಯಾನು ಆರಿಸಿದ್ದರಿಂದ ಅವರ ಪೆನ್ನು ಓಡುವುದು ಕೇಳುತ್ತಿತ್ತು. "ಮೇಲ್ವಿಚಾರಕರ ವರದಿ. ಇದು ಈ ಕಾಲೇಜಲ್ಲೇ ಇರುತ್ತೆ, ಮುಂದೆ ಬರೋರು ನೋಡ್ತಾರೆ. ಓದ್ತೀನಿ, ಸರಿ ಇದೆಯಾ ಹೇಳು."

ಅವರು ಓದಿದರು. "ತಿಳಿಯದೆ ನಾನು ಪರೀಕ್ಷೆಯನ್ನು ಕೆಲ ಹೊತ್ತು ತಡೆದೆ. ಆ ಹೊತ್ತನ್ನು ತುಂಬಿಕೊಡಲಾಗಿದೆ. ಅಭ್ಯರ್ಥಿಗೆ ದೃಷ್ಟಿಯಿಲ್ಲವಾದ್ದರಿಂದ, ಬರೆಯುವವರು ಪ್ರತಿ ವಾಕ್ಯ ಬರೆದಾದ ಮೇಲೆ ಹೂಂ ಎನ್ನುವುದನ್ನು ಕನಿಕರದಿಂದ ಅನುಮತಿಸತಕ್ಕದ್ದು."

"ಎಲ್ಲಾ ಸರಿ ಇದೆ ಸಾರ್" ಎಂದಳು ಶಾಂತಲಾ. "ಒಂದು ಪದ ತೆಗೀತೀರಾ?"

"ಯಾವುದು?"

"ಕನಿಕರ."

"ಯಾಕಮ್ಮ? ಒಳ್ಳೆ ಮಾತಲ್ವಾ ಅದು?"

"ಒಳ್ಳೆ ಮಾತೇ. ಆದ್ರೆ ನಾಳಿದ್ದು ಬರೋರಿಗೆ ಕನಿಕರ ಇಲ್ದೆ ಹೋದ್ರೆ?"

ಶಿವನಂಜಪ್ಪನವರ ಪೆನ್ನಿನ ಮೊನೆ ಆ ಪದವನ್ನು ಹೊಡೆಯುತ್ತಾ ಕಾಗದದ ಮೇಲೆ ಒಮ್ಮೆ ಆಚೆಗೆ, ಒಮ್ಮೆ ಈಚೆಗೆ ಎಳೆದಾಡಿದ್ದು ಶಾಂತಲಾಳಿಗೆ ಸ್ಪಷ್ಟವಾಗಿ ಕೇಳಿಸಿತು.